ಬೆರಕೆ ರಾಗಿ

ರಾಗಿಯ ಎರಡು ತೆನೆಗಳನ್ನು ಜೊತೆಗೂಡಿಸಿ ದಾರದಲ್ಲಿ ಕಟ್ಟಿ, ಮೇಲೊಂದು ಕಾಗದದ ಚೀಲ ಹೊದಿಸಿ ಹೊಸ ತಳಿ ಹುಟ್ಟಿಸುವುದು ನನ್ನ ಕೆಲಸವಾಗಿತ್ತು ಎಂದರೆ ಜನ ಈಗಲೂ ನಗುತ್ತಾರೆ. ನಗಲಿ, ನನಗೇನು! ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದ ಹತ್ತಿರದ ಒಂದು ಬೀಜದ ಫಾರಂನಲ್ಲಿ ನನಗೆ ಸಿಕ್ಕಿದ್ದು ಅದೇ. ಬೆಳೆಗಳ ಜೀನ್ ಬದಲಾಯಿಸುವ ಸುದ್ದಿ ಪೇಪರಿನಲ್ಲಿ ಬರತೊಡಗಿದ್ದ ಕಾಲ. ಬಸ್ಸಿನಲ್ಲಿ ಪಕ್ಕ ಕೂತವರು, "ನೀವೇನಾ ರಾಗಿಗೆ ಮೀನಿನ ಜೀನ್ ಸೇರ್ಸೋರು?" ಎಂದು ಕೇಳುತ್ತಿದ್ದರು. ಇಲ್ಲ, ರಾಗಿಗೆ ರಾಗಿಯನ್ನೇ ಸೇರಿಸುತ್ತೇನೆ ಎಂದರೆ ಅವರಿಗೆ ನಿರಾಸೆಯಾಗುತ್ತಿತ್ತು.

ನನಗೆ ಬೇಕಿದ್ದದ್ದು ಒಂದೇ. ಮಳೆ ಕೈಕೊಡುವುದರೊಳಗೆ ಮಾಗುವ ರಾಗಿ, ಆದರೆ ತೆನೆ ನಮ್ಮೂರಿನ ರಾಗಿಯಷ್ಟೇ ತುಂಬಿರಬೇಕು. ಬೇಗ ಮಾಗುವ ಒಂದು ಸಣಕಲು ರಾಗಿಯನ್ನೂ ನಮ್ಮ ಹೊಲದ ರಾಗಿಯನ್ನೂ ಕೂಡಿಸಿದ್ದೆ. ಅವುಗಳ ಮೊಮ್ಮಕ್ಕಳನ್ನು, ಅಂದರೆ ಎರಡನೇ ತಲೆಮಾರಿನ ಬೀಜವನ್ನು, ಬಿತ್ತಲು ಜಾಗ ಕೇಳಿದರೆ ಫಾರಂನ ನಮ್ಮ ಸಾಹೇಬರು ತಲೆ ಎತ್ತಲೂ ಇಲ್ಲ.

"ಎಲ್ಲಿದೆಯಮ್ಮ ಜಾಗ? ಅಷ್ಟು ಆಸೆ ಇದ್ರೆ ನಿಮ್ಮಪ್ಪನ ಹೊಲದಲ್ಲಿ ಬಿತ್ಕೊ. ಮದುವೆ ಆಗೋವರೆಗೆ ತಾನೆ ಇದೆಲ್ಲ."

ಮೈ ಉರಿದುಹೋಯಿತು. ಬೀಜ ಹಿಡಿದುಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ಹಳೇಕೋಟೆ ಕಡೆಗಿದ್ದ ನಮ್ಮ ಹೊಲದ ಒಂದು ಮೂಲೆಯಲ್ಲಿ ಬಿತ್ತಿ, "ಕಳೆ ಒಂದು ಕೀಳು, ಮಿಕ್ಕಿದ್ದನ್ನ ಮುಟ್ಟಬೇಡ" ಎಂದು ಅವ್ವನಿಗೆ ಹೇಳಿ ಡ್ಯೂಟಿಗೆ ಬಂದೆ. ಆಮೇಲೆ ಭಾನುವಾರ ಬಂದರೆ ಸಾಕು, ಊರಿಗೆ ಓಡುತ್ತಿದ್ದೆ. ಮೊಮ್ಮಕ್ಕಳ ಆ ಬೆಳೆಯಲ್ಲಿ ಒಂದು ಗಿಡದಂತೆ ಇನ್ನೊಂದಿರುವುದಿಲ್ಲ. ಒಂದು ಕುಳ್ಳು, ಒಂದು ಉದ್ದ, ಒಂದು ಆಗಲೇ ತೆನೆ ಬಿಟ್ಟರೆ ಪಕ್ಕದ್ದು ಇನ್ನೂ ಹಸಿರು ಗರಿ. ಬೇಗ ತೆನೆ ಬಿಟ್ಟ ಆ ಹತ್ತಾರು ಗಿಡಗಳಿಗಾಗಿಯೇ ನನ್ನ ಅಷ್ಟು ವರ್ಷಗಳ ಪಾಡು.

ನಮ್ಮ ಕಡೆ ಹೀಗೆ ಏರುಪೇರಾಗಿ ನಿಂತ ಗಿಡಕ್ಕೆ ಬೆರಕೆ ಎನ್ನುತ್ತಾರೆ. ಹೊಲದಲ್ಲಿ ಬೆರಕೆ ಕಂಡರೆ ಮನೆಯ ಹೆಂಗಸಿನ ಮಾನ ಹೋದಂತೆ. ಕೊಯ್ಲಿಗೆ ಮುಂಚೆ ಸಾಲುಸಾಲು ನಡೆದು ಅದನ್ನು ಕಿತ್ತೆಸೆಯುವುದು ವಾಡಿಕೆ. ಒಂದು ಭಾನುವಾರ ಬಂದು ನೋಡಿದರೆ ನನ್ನ ಮೂಲೆ ಬಾಚಣಿಗೆಯಲ್ಲಿ ಬಾಚಿದ ಹಾಗಿತ್ತು. ಬದುವಿನ ಮೇಲೆ ಕಿತ್ತ ಗಿಡಗಳ ರಾಶಿ, ಎಲ್ಲಾ ತೆನೆ ಬಿಟ್ಟವೇ.

"ಎಂಗೈತೆ ನೋಡು ಈಗ!" ಎಂದಳು ಅವ್ವ, ಕೈ ತೊಳೆಯುತ್ತ. "ಓಗೋರು ಬರೋರೆಲ್ಲ ನಿಂತ್ಕೊಂಡು ನಗ್ತಿದ್ರು ಕಣೆ. ಬೆಳಗ್ಗೆನೇ ಬಂದು ಕಿತ್ತಾಕ್ಬುಟ್ಟೆ."

"ಅಯ್ಯೋ ಅವ್ವಾ, ಮುಟ್ಟಬೇಡ ಅಂದಿದ್ನಲ್ಲಾ!"

"ಬೆರಕೆನೂ ಕಳೆ ತಾನೆ? ನಾನೇನು ಬೆಳೆ ಕಿತ್ನಾ?"

ಹೊಲದ ನಡುವೆ ನಿಂತು ಜೋರಾಗಿ ಅತ್ತೆ, ನಾಚಿಕೆ ಬಿಟ್ಟು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಬೇರಿನ ಮಣ್ಣು ಇನ್ನೂ ಹಸಿಯಾಗಿತ್ತು. ರಾಗಿ ಪೈರನ್ನು ಕಿತ್ತು ನೆಡುವುದಿಲ್ಲವೇ? ಇದನ್ನೂ ನೆಡುತ್ತೇನೆ, ಏನಾಗುತ್ತದೋ ಆಗಲಿ ಎಂದುಕೊಂಡೆ. ಬಾವಿ ಪಕ್ಕದ ಕೆಸರಿನಲ್ಲಿ ಒಂದೊಂದನ್ನೇ ಊರಿ ಕಡ್ಡಿ ಕಟ್ಟಿದೆ. ಅವ್ವ ದೂರದಲ್ಲಿ ನಿಂತು ನೋಡಿದಳು. ಆಮೇಲೆ ಬಿಂದಿಗೆ ತಂದು ಬುಡಕ್ಕೆ ನೀರು ಹೊಯ್ದಳು.

ಬಹಳಷ್ಟು ಗಿಡ ಒಣಗಿದವು. ಉಳಿದವುಗಳ ಕಾಳು ಗಟ್ಟಿಯಾಗುತ್ತಿದ್ದಂತೆ, ಪೂರ್ತಿ ಮಾಗಲು ಕಾಯದೆ ತೆನೆ ಮುರಿದು ಒಣಗಿಸಿದೆ. "ಅದು ಹುಟ್ಟಲ್ಲ. ಹುಡುಗಾಟ ಬಿಟ್ಟು ಕೆಲಸ ನೋಡು" ಎಂದರು ಸಾಹೇಬರು. "ಹುಟ್ಟುತ್ತೆ ಸಾರ್" ಎಂದೆ. ಹೇಳುವಾಗ ನನಗೂ ನಂಬಿಕೆ ಇರಲಿಲ್ಲ, ಆದರೆ ಅವರೆದುರು ಸೋಲುವುದು ನನ್ನಿಂದ ಆಗುತ್ತಿರಲಿಲ್ಲ. ನಮ್ಮ ಹೊಲದಲ್ಲೇ ಬಾವಿ ನೀರಿದ್ದ ಮಡಿಯಲ್ಲಿ ಬೇಸಿಗೆ ಬೆಳೆಯಾಗಿ ಬಿತ್ತಿದೆ. ಹುಟ್ಟಿತು! ಮುಂದಿನ ಮಳೆಗಾಲದವರೆಗೆ ಕಾಯುವುದೇ ತಪ್ಪಿತು. ಒಂದು ಸಾಲಂತೂ ಎಲ್ಲಕ್ಕಿಂತ ಮೊದಲು ತೆನೆ ಬಿಟ್ಟು, ತುಂಬಿಕೊಂಡು ತೂಗುತ್ತಿತ್ತು.

ಆ ಸುದ್ದಿ ಕೇಳಿದ್ದ ಸಾಹೇಬರು, ನಾನು ಊರಿನಲ್ಲಿದ್ದ ಒಂದು ದಿನ, ಅರಕಲಗೂಡಿಗೆ ಹೋಗುತ್ತ ನಮ್ಮ ಹೊಲದ ಬಳಿ ಜೀಪು ನಿಲ್ಲಿಸಿದರು. ಬದುವಿನ ಮೇಲೆ ಬಂದವರು ಆ ಸಾಲಿನ ಮುಂದೆ ಬಗ್ಗಿ, "ಪರವಾಗಿಲ್ವೇ" ಎನ್ನುತ್ತ ಮೊದಲ ತೆನೆಗೆ ಕೈ ಹಾಕಿದರು. ಮುರಿದು ಅಂಗೈಯಲ್ಲಿ ಉಜ್ಜಿ ಕಾಳು ನೋಡುವುದು ಎಲ್ಲರ ಅಭ್ಯಾಸ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಕುಡುಗೋಲು ಹಿಡಿದುಕೊಂಡೇ ಓಡಿ ಬಂದಳು.

"ಸಾ, ಕೈ ತೆಗೀರಿ!"

"ಒಂದೇ ತೆನೆ, ತಾಯಿ."

"ಅರ್ಧ ತೆನೆನೂ ಬ್ಯಾಡ. ಅವ್ಳನ್ನ ಎತ್ತ ತಾಯಿ ನಾನೇ ಕಿತ್ತಾಕಿದ್ದೆ. ಅವ್ಳು ಅತ್ಕೊಂಡು ಅತ್ಕೊಂಡು ಬದುಕಿಸ್ಕೊಂಡವ್ಳೆ. ಇನ್ಯಾರಾದ್ರೂ ಮುಟ್ಟುದ್ರೆ ನಾ ಸುಮ್ಕಿರಾಕಿಲ್ಲ!"

ಸಾಹೇಬರು ತೆನೆ ಬಿಟ್ಟು ನನ್ನ ಮುಖ ನೋಡಿದರು. ಅವ್ವನ ಪರವಾಗಿ ನಾನು ಕ್ಷಮೆ ಕೇಳಲಿ ಎಂದು ಕಾಯುತ್ತಿದ್ದರು. ನಾನು ಕೇಳಲಿಲ್ಲ. ಹೋಗಿ ಅವ್ವನ ಪಕ್ಕ ನಿಂತೆ.