ಒಂದು ಎಸೆತ ನನ್ನದು

ಮೊಮ್ಮಗಳ ಬ್ಯಾಸ್ಕೆಟ್‌ಬಾಲ್ ಆಟ ನೋಡಲು ನಾನು ಹೋಗಲೇಬಾರದಿತ್ತು. ಹೋದೆ. ಹೊಳೆನರಸೀಪುರದ ಮೈದಾನದಲ್ಲಿ ನಮ್ಮ ಹಾಸನ ತಾಲ್ಲೂಕಿನ ಹುಡುಗಿಯರಿಗೂ ಚನ್ನರಾಯಪಟ್ಟಣದವರಿಗೂ ಕೊನೆಯ ಆಟ. ಗೆದ್ದವರು ಮೈಸೂರಿಗೆ. ಹುಡುಗಿಯರಿಗೆಂದು ಒಂದು ಕ್ಯಾನ್ ಮಜ್ಜಿಗೆ ಹೊತ್ತು ಹೋಗಿದ್ದೆ. ನೆರಳಿದ್ದದ್ದು ನಮ್ಮ ತಂಡದ ಬೆಂಚಿನ ಹತ್ತಿರ ಮಾತ್ರ, ಅಲ್ಲೇ ಕೂತೆ. ಯಾರೂ ಏಳು ಅನ್ನಲಿಲ್ಲ.

ಆರು ಸೆಕೆಂಡು ಉಳಿದಿತ್ತು. ನಾವು ಒಂದು ಪಾಯಿಂಟು ಮುಂದೆ. ಬಾಲು ಮೊಮ್ಮಗಳ ಕೈಯಲ್ಲೇ ಇತ್ತು. ಎದುರಿನವಳೊಬ್ಬಳು ಮೊಣಕೈಯಿಂದ ಅವಳ ದವಡೆಗೆ ತಿವಿದಳು. ರೆಫರಿ ಸೀಟಿ ಊದಲಿಲ್ಲ. ನಾನು ಮಜ್ಜಿಗೆ ಲೋಟ ಹಿಡಿದುಕೊಂಡೇ ಗೆರೆ ದಾಟಿ ಒಳಗೆ ನಡೆದೆ.

"ಏನ್ ಸಾ, ಕಣ್ಣ ಜೇಬಲ್ಲಿಟ್ಕಂಡು ಸೀಟಿ ಊದೀರಾ?"

ಆಗ ಬಂತು ಸೀಟಿ. ಇಬ್ಬರು ರೆಫರಿಗಳಲ್ಲಿ ವಯಸ್ಸಾದವರು ಒಂದು ಅಂಗೈ ನಿಲ್ಲಿಸಿ, ಇನ್ನೊಂದನ್ನು ಅದರ ಮೇಲೆ ಚಪ್ಪರದ ಹಾಗೆ ಇಟ್ಟರು. ಟೆಕ್ನಿಕಲ್ ಫೌಲು. ಬೆಂಚಿನವರು ಕೆಟ್ಟದಾಗಿ ನಡೆದುಕೊಂಡರೆ ತಂಡಕ್ಕೆ ಬೀಳುವ ಶಿಕ್ಷೆ. ಅಲ್ಲಿ ಕೂತಿದ್ದ ನಾನೂ ಬೆಂಚಿನವಳೇ ಆದೆ. ಎದುರಿನವರು ಅಡ್ಡ ಯಾರೂ ಇಲ್ಲದೆ ನಿಂತು ಬುಟ್ಟಿಗೆ ಎಸೆಯಬಹುದು, ಬಿದ್ದರೆ ಒಂದಕ್ಕೆ ಒಂದು ಪಾಯಿಂಟು.

"ಎರಡು ಫ್ರೀ ಥ್ರೋ, ಆಮೇಲೆ ಬಾಲೂ ಅವರಿಗೇ" ಎಂದರು.

"ಸಾ, ಈಗ ಒಂದೇ ಕಣ್ ಸಾ. ಬಾಲು ಮೊದಲು ಯಾರತ್ರ ಇತ್ತೋ ಅವ್ರಿಗೇ ಓಯ್ತದೆ" ಎಂದ ಇನ್ನೊಬ್ಬ ಗಡ್ಡದ ರೆಫರಿ.

"ನೀನ್ ನಿನ್ನೆ ಸೀಟಿ ಇಡ್ದೋನು. ನಾನ್ ಮೊದ್ಲಿಂದ ಎರಡೇ ಕೊಟ್ಕಂಡ್ ಬಂದಿವ್ನಿ."

ನಮ್ಮ ಟೀಚರಮ್ಮ ಒಂದು ಅಂದರು, ಅವರ ಮೇಷ್ಟ್ರು ಎರಡು ಅಂದರು. ನಿಯಮ ನೋಡೋಣವೆಂದರೆ ಗಡ್ಡದವನ ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ. ಎರಡನ್ನೂ ಎಸೆಸಿದರು. ಎರಡೂ ಬಿದ್ದವು. ಬಾಲೂ ಅವರಿಗೇ ಹೋಯಿತು. ಆರು ಸೆಕೆಂಡು ಅದನ್ನು ಒಬ್ಬರಿಗೊಬ್ಬರು ದಾಟಿಸಿಕೊಂಡೇ ಗೆದ್ದರು.

ಸ್ಕೋರಿನ ಹಾಳೆಗೆ ಸಹಿ ಬಿದ್ದ ಮೇಲೆ ಮೊಬೈಲಿನಲ್ಲಿ ನಿಯಮ ಬಂತು. ಒಂದೇ. ನಾನು ವಯಸ್ಸಾದ ರೆಫರಿಯ ಮುಂದೆ ಹೋಗಿ ನಿಂತೆ.

"ಒಂದ್ ನಂದು, ಒಪ್ಕತೀನಿ. ಇನ್ನೊಂದ್ ಯಾರ್ದು ಸಾ?"

"ಸೈನ್ ಆಗೋಯ್ತಲ್ಲಮ್ಮ" ಎಂದು ಬ್ಯಾಗಿನ ಜಿಪ್ಪು ಎಳೆದರು. ಅಷ್ಟೇ ಅವರ ಉತ್ತರ.

ಹಾಸನದಲ್ಲಿ ಬಸ್ಸು ಬದಲಿಸಿ ಮೊಮ್ಮಗಳ ಪಕ್ಕ ಕೂತೆ. ಅವಳ ದವಡೆ ಊದಿತ್ತು.

"ಒಂದೇ ಕೊಟ್ಟಿದ್ರೆ ಸಮ ಆಗೋದು, ಬಾಲೂ ನಮ್ಮತ್ರ ಇರೋದು" ಎಂದಳು.

"ಅದ್ನೇ ನಾನೂ ಯೋಳಿದ್ದು. ಆವಯ್ಯಂದು ತಪ್ಪು."

"ನೀನ್ ಕೂತಿದ್ರೆ ಒಂದೂ ಇರ್ತಿರ್ಲಿಲ್ಲ ಕಣಜ್ಜಿ."

ಎರಡನೆಯ ಎಸೆತವನ್ನು ಇವತ್ತಿಗೂ ನಾನು ಹೊರುವುದಿಲ್ಲ. ಮೊದಲನೆಯದು ಮಾತ್ರ ನನ್ನದೇ. ಅವತ್ತು ನಮ್ಮೂರು ಶಾಂತಿಗ್ರಾಮದಲ್ಲಿ ಇಳಿದು ಕ್ಯಾನ್ ತೆಗೆದು ನೋಡಿದೆ. ಹುಡುಗಿಯರು ಯಾರೂ ಮುಟ್ಟಿರಲಿಲ್ಲ, ಹುಳಿ ಬಂದಿತ್ತು. ಚರಂಡಿಗೆ ಸುರಿದೆ.