ತಪ್ಪಿಲ್ಲದ ಹನ್ನೊಂದು ಬಾಗಿಲು

ಆ ಬಡಗಿಯನ್ನು ಎಲ್ಲರೂ ಮೂಲೆಮಟ್ಟ ಎಂದೇ ಕರೆಯುತ್ತಿದ್ದರು. ಮರದ ಮೂಲೆ ನೇರವಾಗಿದೆಯೇ ಎಂದು ನೋಡುವ ಆ ಕಬ್ಬಿಣದ ಮಟ್ಟ ಸದಾ ಅವನ ಚೀಲದಲ್ಲಿರುತ್ತಿತ್ತು. ನೆಂಟರ ಮನೆಗೆ ಹೋದರೂ ಊಟದ ಮೇಜಿನ ಅಂಚಿಗೆ ಅದನ್ನು ಹಿಡಿದು ನೋಡದೆ ಕೂರುವ ಆಸಾಮಿಯಲ್ಲ. ಇಪ್ಪತ್ತೊಂಬತ್ತು ವರ್ಷ ಮರದ ಕೆಲಸ ಮಾಡಿದ್ದರೂ ಒಮ್ಮೆಯೂ ದೂರು ಕೇಳಿಸಿಕೊಂಡಿಲ್ಲ ಎಂಬ ಜಂಬ ಅವನಿಗಿತ್ತು. ಅವನ ಹೆಂಡತಿಗೆ ಆ ಜಂಬ ಕೇಳಿ ಕೇಳಿ ಸಾಕಾಗಿತ್ತು.

ಕೆಲಸ ಬಂದದ್ದು ಮೂರನೆಯ ಮಹಡಿಯ ಅಕ್ಕತಂಗಿಯರ ಮನೆಯಿಂದ. ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಬೀದಿಗೆಲ್ಲ ಟೀಚರಮ್ಮ. ತಂಗಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಅಡುಗೆಮನೆಯ ಕಪಾಟಿನ ಬಾಗಿಲುಗಳು ಕೆಟ್ಟು ಕೆರ ಹಿಡಿದಿವೆ, ಎಲ್ಲವನ್ನೂ ಕಿತ್ತು ಮರದಲ್ಲಿ ಮಾಡಿಕೊಡಿ ಎಂದು ಕರೆದವಳು ಅವಳೇ. ಹೋಗಿ ನೋಡಿದರೆ ಮಾತು ಸುಳ್ಳಲ್ಲ. ಅಗ್ಗದ ಹಲಗೆ ನೀರು ಕುಡಿದು, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿತ್ತು. ಒಂದು ಬಾಗಿಲನ್ನು ದಾರದಲ್ಲಿ ಕಟ್ಟಿದ್ದರು. ಇನ್ನೊಂದು ಒಂದೇ ತಿರುಗಣೆಯಲ್ಲಿ ನೇತಾಡುತ್ತಿತ್ತು. ಒಂದು ಡ್ರಾಯರನ್ನಂತೂ ಮೊಣಕಾಲಿನಿಂದ ಎತ್ತಿ ಎಳೆಯಬೇಕಿತ್ತು.

ಆರು ವಾರ ಕೂತು ಹನ್ನೊಂದು ಬಾಗಿಲು, ನಾಲ್ಕು ಡ್ರಾಯರು ಮಾಡಿದ. ಡ್ರಾಯರಿನ ಮೂಲೆಗಳಿಗೆ ಮೊಳೆ ಹೊಡೆಯದೆ, ಎರಡು ಕೈಯ ಬೆರಳು ಹೆಣೆದ ಹಾಗೆ ಮರಕ್ಕೆ ಮರ ಹೆಣೆದು ಕೂರಿಸಿದ. ಹಿಡಿ ಬೇಡವೆಂದು ಪ್ರತಿ ಬಾಗಿಲ ಕೆಳ ಅಂಚಿಗೆ ಬೆರಳು ತೂರುವಷ್ಟು ತೋಡು ಕೊರೆದ. ಎರಡು ದಿನ ಜೋಡಿಸಿ ದೂರ ನಿಂತು ನೋಡಿದರೆ, ಬಾಗಿಲುಗಳ ನಡುವಿನ ಸಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ತಂಗಿ ಮೆಚ್ಚಿಕೊಂಡಳು. ಟೀಚರಮ್ಮ ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿ, “ಎಲ್ಲಾ ಒಂದೇ ಥರ ಇದೆ” ಎಂದರು. ಹೊಗಳಿಕೆಯೆಂದೇ ಅವನು ತಿಳಿದ.

ನಾಲ್ಕು ದಿನಕ್ಕೆ ಟೀಚರಮ್ಮನ ಫೋನು ಬಂತು. ಡ್ರಾಯರು ಸರಿಯಿಲ್ಲವಂತೆ. ಹೋದ. ತಂಗಿ ಕೆಲಸಕ್ಕೆ ಹೋಗಿದ್ದಳು. ಎಳೆದರೆ ಡ್ರಾಯರು ಬೆಣ್ಣೆಯ ಮೇಲೆ ಜಾರಿದಂತೆ ಬಂತು. ಇದಲ್ಲ, ಪಕ್ಕದ್ದು ಎಂದರು. ಪಕ್ಕದ್ದೂ ಹಾಗೆಯೇ. ಏನು ತೊಂದರೆ ಎಂದು ಕೇಳಿದರೆ, ಏನೋ ಸರಿಯಿಲ್ಲ ಎಂದರೇ ಹೊರತು ಇಂಥದ್ದು ಎನ್ನಲಿಲ್ಲ. ಸುಮ್ಮನೆ ಒಂದಿಷ್ಟು ಮೇಣ ಸವರಿ ಬಂದ.

ಮುಂದಿನ ವಾರ ಮತ್ತೆ ಕರೆ. ಈ ಸಲದ ದೂರು ಇನ್ನೂ ವಿಚಿತ್ರ: ಬಾಗಿಲುಗಳು ಅದಲು ಬದಲಾಗಿವೆಯಂತೆ. ಅವನು ಕಕ್ಕಾಬಿಕ್ಕಿಯಾದ. ತಿರುಗಣೆ ಹಾಕಿ ಬಿಗಿದ ಬಾಗಿಲು ಎದ್ದು ಓಡಾಡುತ್ತದೆಯೇ? ಆದರೂ ಕೂರಿಸುವಾಗ ತಾನೇ ಎಡವಟ್ಟು ಮಾಡಿದೆನೇನೋ ಎಂದು ಒಂದೊಂದನ್ನೂ ತೆರೆದು, ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿದ್ದ ಸಂಖ್ಯೆ ನೋಡಿದ. ಒಂದರಿಂದ ಹನ್ನೊಂದು, ಸಾಲಾಗಿ ಸರಿಯಾಗಿತ್ತು. ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ಅವನ ಹಣೆ ಮುಟ್ಟಿ ಜ್ವರ ಇದೆಯೇ ನೋಡಿದಳು. ಅಲ್ಲಿಂದ ಅವನಿಗೆ ತನ್ನ ಕೈಯ ಮೇಲೇ ಅನುಮಾನ ಹುಟ್ಟಿತು. ಬೇರೊಬ್ಬರ ಮನೆಯ ಸಣ್ಣದೊಂದು ಹಲಗೆಯನ್ನು ನಾಲ್ಕು ಸಲ ಅಳೆದ. ನಾಲ್ಕು ಸಲವೂ ಒಂದೇ ಅಳತೆ ಬಂದದ್ದು ನೋಡಿ ಇನ್ನಷ್ಟು ಹೆದರಿದ.

ಮೂರನೆಯ ಸಲ ಹೋದಾಗ ಟೀಚರಮ್ಮ ಚಹಾ ಮಾಡಿಕೊಡುತ್ತೇನೆಂದರು. ಅವನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಅವರು ಒಂದು ಬಾಗಿಲು ತೆರೆದು ಒಳಗೆ ಕೈಯಾಡಿಸಿ ಮುಚ್ಚಿದರು. ಇನ್ನೊಂದು ತೆರೆದರು, ಮುಚ್ಚಿದರು. ಮೂರನೆಯದರಿಂದ ಡಬ್ಬಿ ತೆಗೆದು ಎರಡು ಚಮಚ ಹಾಕಿದರು. ಒಂದು ಗುಟುಕು ಕುಡಿದ ಮೂಲೆಮಟ್ಟನಿಗೆ ಉಗಿಯುವುದೋ ನುಂಗುವುದೋ ತಿಳಿಯಲಿಲ್ಲ. ಹಾಕಿದ್ದು ಉಪ್ಪು. ಡಬ್ಬಿಯ ಮೇಲೆ ಹೆಬ್ಬೆರಳಷ್ಟು ದೊಡ್ಡ ಅಕ್ಷರದಲ್ಲಿ ಹಾಗೆಂದು ಬರೆದಿತ್ತು.

ಕಪ್ಪು ಕೆಳಗಿಟ್ಟು, “ಟೀಚರಮ್ಮ, ನನ್ನ ಶರ್ಟು ಯಾವ ಬಣ್ಣ?” ಎಂದು ಕೇಳಿದ.

ಅವರು “ಬಿಳಿ” ಎಂದರು.

ಅದು ಕೆಂಪು ಚೌಕಳಿಯ ಶರ್ಟು.

“ಗಂಡಸರ ಶರ್ಟು ಬಿಳಿ ಅಂದ್ರೆ ಸಾಮಾನ್ಯವಾಗಿ ಸರಿಹೋಗ್ತಿತ್ತು” ಎಂದು ಟೀಚರಮ್ಮ ಕುರ್ಚಿ ತಡವಿ ಕೂತರು.

ಆಮೇಲೆ ಒಂದೊಂದಾಗಿ ಹೊರಬಂತು. ಕಣ್ಣು ಮಂಜಾಗುತ್ತ ಬಂದು ವರ್ಷವೇ ಆಗಿತ್ತು. ಕಿಟಕಿ ಎಲ್ಲಿದೆ ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಆದರೂ ಅಡುಗೆ ನಡೆದಿತ್ತು, ಏಕೆಂದರೆ ಹಳೆಯ ಬಾಗಿಲುಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ದಾರ ಕಟ್ಟಿದ್ದು ಸಕ್ಕರೆ, ಅಂಚು ಉಬ್ಬಿದ್ದು ಉಪ್ಪು, ನೇತಾಡುವುದು ಎಣ್ಣೆ, ಮೊಣಕಾಲು ಕೇಳುವ ಡ್ರಾಯರಿನಲ್ಲಿ ಚಾಕು. ಈಗ ಹನ್ನೊಂದೂ ಒಂದೇ ನುಣುಪು, ಒಂದೇ ಸದ್ದು. ಎಣಿಸಿ ನೋಡಿದರೆ ನಡುವೆ ಲೆಕ್ಕ ತಪ್ಪುತ್ತಿತ್ತು.

“ತಂಗಿಗೆ ಹೇಳಬೇಡಿ” ಎಂದರು. “ಗೊತ್ತಾದ್ರೆ ನನ್ನನ್ನ ಒಲೆ ಹತ್ರ ಬಿಡಲ್ಲ. ಆಮೇಲೆ ಬೆಳಗ್ಗೆಯಿಂದ ಸಂಜೆವರೆಗೂ ನಾನೇನು ಮಾಡ್ಲಿ?”

ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಉಳಿ ತೆಗೆದುಕೊಂಡ. ಬೆರಳು ತೂರುವ ತೋಡಿನ ಒಳಗೆ, ಹೊರಗಿನಿಂದ ಕಾಣದ ಹಾಗೆ, ಸಕ್ಕರೆಯ ಬಾಗಿಲಿಗೆ ಒಂದು ಕಚ್ಚು, ಉಪ್ಪಿನದಕ್ಕೆ ಎರಡು, ಎಣ್ಣೆಯದಕ್ಕೆ ಅಡ್ಡಗೀಟು ಎಂದು ಒಂದೊಂದಕ್ಕೂ ಒಂದೊಂದು ಗುರುತು ಕೆತ್ತಿದ. ತಾನೇ ಉಜ್ಜಿ ಉಜ್ಜಿ ನುಣುಪು ಮಾಡಿದ ಮರಕ್ಕೆ ಗಾಯ ಮಾಡುವಾಗ ಪ್ರತಿ ಕಚ್ಚಿಗೂ ಮುಂಚೆ ಒಮ್ಮೆ ಅಂಚು ಸವರಿದ. ಚಾಕುವಿನ ಡ್ರಾಯರಿನ ತಳಕ್ಕೆ ಸಣ್ಣ ಚಕ್ಕೆ ಅಂಟಿಸಿ ಬೇಕೆಂದೇ ಬಿಗಿ ಮಾಡಿದ. ಬುದ್ಧಿ ಬಂದ ಮೇಲೆ ಅವನು ತಿಳಿದೂ ತಿಳಿದೂ ಮಾಡಿದ ಮೊದಲ ಓರೆಕೋರೆ ಕೆಲಸ ಅದು. ಟೀಚರಮ್ಮ ಎರಡು ಸುತ್ತು ಮುಟ್ಟಿ ನೋಡಿ, ಮೂರನೆಯ ಸುತ್ತಿಗೆ ತಪ್ಪಿಲ್ಲದೆ ಹನ್ನೊಂದನ್ನೂ ಹೇಳಿದರು, ಪಾಠ ಒಪ್ಪಿಸುವ ಹುಡುಗಿಯ ಹಾಗೆ.

ಕೆಲಸ ಮುಗಿಯಿತು, ಗೊಂದಲ ಮುಗಿಯಲಿಲ್ಲ. ಒಲೆಯ ಬೆಂಕಿ ಸೆರಗಿಗೆ ತಗುಲಿದರೆ ಯಾರು ಹೊಣೆ? ಹೇಳಿಬಿಟ್ಟರೆ ಆ ಹೆಂಗಸಿನ ಕೈ ಕಟ್ಟಿಹಾಕಿದ ಹಾಗಲ್ಲವೇ? ಗ್ರಂಥಾಲಯದ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸು ಬಂದ. ಮೂರನೆಯ ಸಲ ಒಳಗೆ ಹೋಗಿ, ತಂಗಿಯ ಮೇಜಿನ ಮುಂದೆ ನಿಂತು, “ನಿಮ್ಮ ಅಕ್ಕನಿಗೆ…” ಎಂದು ತಡವರಿಸಿದ.

“ಕಣ್ಣು ಕಾಣಲ್ಲ” ಎಂದಳು ಅವಳು, ಪುಸ್ತಕಕ್ಕೆ ಮೊಹರು ಒತ್ತುತ್ತ. “ಗೊತ್ತು. ಶುರುವಿಂದಾನೂ ಗೊತ್ತು.”

ಅವನು ಪಕ್ಕದ ಕುರ್ಚಿ ಎಳೆದು ಕೂತ.

“ಅವಳಾಗಿ ಹೇಳ್ಲಿ ಅಂತ ಕಾಯ್ತಿದ್ದೆ. ಬಾಗಿಲೆಲ್ಲ ಬದಲಾದ್ರೆ ಬೇರೆ ದಾರಿ ಇಲ್ದೆ ಹೇಳ್ತಾಳೆ ಅನ್ಕೊಂಡೆ. ಹೇಳೋದು ಬಿಟ್ಟು ಅವಳು ನಿಮ್ಮನ್ನ ಕರೆಸಿದ್ಲು.” ಇನ್ನೊಂದು ಪುಸ್ತಕ ತೆರೆದು, “ನಿಮ್ಮ ಕಚ್ಚುಗಳನ್ನೂ ನೋಡಿದೀನಿ. ಈಗ ನಾನೂ ನೋಡದೇನೇ ಉಪ್ಪು ತೆಗೀತೀನಿ” ಎಂದಳು.

ಸಿಟ್ಟು ಮಾಡಿಕೊಳ್ಳಬೇಕೆಂದು ಅವನಿಗೆ ಅನ್ನಿಸಿತು. ಯಾರ ಮೇಲೆ ಎಂಬುದು ಹೊಳೆಯಲಿಲ್ಲ. ಇನ್ನು ಕಾಯಬೇಡಿ, ಇವತ್ತೇ ಮಾತಾಡಿ ಎಂದಷ್ಟೇ ಹೇಳಿ ಹೊರಟ.

ತಂಗಿ ಆ ಸಂಜೆಯೇ ಮಾತು ತೆಗೆದಳಂತೆ. ಯಾರು ಯಾರಿಗೆ ಮೋಸ ಮಾಡಿದ್ದು ಎಂದು ಅಕ್ಕತಂಗಿಯರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೆಯ ದಿನ ಕೈ ಹಿಡಿದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದರು. ಬಲಗಣ್ಣಿಗೆ ಆಪರೇಷನ್ ಆಯಿತು, ಸರಿಹೋಯಿತು. ಎಡಗಣ್ಣಿಗೆ ತಡವಾಗಿತ್ತು, ಒಂದು ವರ್ಷ ಮೊದಲೇ ಬಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಅದನ್ನು ಕೇಳಿದ ದಿನ ಮೂಲೆಮಟ್ಟ ಅಂಗಡಿಯಲ್ಲಿ ಕೂತು ಒಂದೇ ಹಲಗೆಯನ್ನು ಬಹಳ ಹೊತ್ತು ಉಜ್ಜಿದ. ಅದರಲ್ಲಿ ತನ್ನ ಪಾಲಿನ ತಪ್ಪೇನೂ ಇಲ್ಲವೆಂದು ಹೆಂಡತಿ ಹೇಳಿದಳು. ಅದು ಅವನಿಗೂ ಗೊತ್ತಿತ್ತು.

ತಿಂಗಳ ಮೇಲೆ ಮತ್ತೆ ಕರೆ ಬಂತು. ಟೀಚರಮ್ಮ ಬಾಗಿಲು ತೆರೆದು, ಒಂದು ಕಣ್ಣಿನಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಧ್ವನಿ ಕೇಳಿ ಇನ್ನೂ ಎತ್ತರ ಇರ್ತೀರಿ ಅನ್ಕೊಂಡಿದ್ದೆ” ಎಂದರು. ಚಾಕುವಿನ ಡ್ರಾಯರು ಬಿಗಿಯಾಗಿದೆ, ಸಡಿಲ ಮಾಡಿಕೊಡಿ ಎಂದು ಕೇಳಿದರು. ತಂಗಿ ಒಳಗಿನಿಂದಲೇ, ಬೇಡ, ಉಳಿದ ಒಂದು ಕಣ್ಣಿನ ಕಥೆ ಮುಂದೆ ಹೇಗೋ ಏನೋ, ಹಾಗೇ ಇರಲಿ ಎಂದಳು. ತನ್ನ ಡ್ರಾಯರಿನ ವಿಷಯ ತನಗೆ ಬಿಡು ಎಂದರು ಅಕ್ಕ. ಇಬ್ಬರ ಮಾತೂ ಸರಿಯೆಂದೇ ಕಂಡು, ಮೂಲೆಮಟ್ಟ ಕೈಯಲ್ಲಿ ಉಳಿ ಹಿಡಿದುಕೊಂಡು ಅಡುಗೆಮನೆಯ ನಡುವೆ ನಿಂತೇ ಇದ್ದ.