ಬಲಗೈಯ ಊಟ

ಮಾವನವರಿಗೆ ಲಕ್ವ ಹೊಡೆದಾಗ ನಾವು ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜೀವ ಉಳಿಯಿತು, ಕಾಲು ಎರಡು ತಿಂಗಳಲ್ಲಿ ಸುಧಾರಿಸಿತು, ಬಲಗೈ ಮಾತ್ರ ನೆಟ್ಟಗೆ ಏಳಲಿಲ್ಲ, ಬೆರಳು ಹಿಡಿತಕ್ಕೆ ಬರಲಿಲ್ಲ. ಎಡಗೈಯಲ್ಲಿ ಉಣ್ಣಿರಿ ಎಂದರೆ, "ಎಡಗೈಲೆ ಉಣ್ಣೂದಕಿಂತ ಉಪಾಸ ಇರೂದು ಛಲೋ" ಎಂದರು. ಹೀಗಾಗಿ ನಾನೇ ತುತ್ತು ಮಾಡಿ ಉಣಿಸತೊಡಗಿದೆ. ನಾಲ್ಕು ತುತ್ತಿಗೆ "ಸಾಕವಾ" ಎಂದು ಮುಖ ತಿರುಗಿಸುತ್ತಿದ್ದರು. ಒಂದು ಹೊತ್ತಿಗೆ ನಾಲ್ಕು ಜೋಳದ ರೊಟ್ಟಿ ಮುರಿಯುತ್ತಿದ್ದ ಆಳು ಕಣ್ಣೆದುರೇ ಸೊರಗಿ ಕಡ್ಡಿಯಾದರು. ಲಕ್ವದಿಂದ ಉಳಿದವರು ಊಟ ಬಿಟ್ಟು ಹೋಗಿಬಿಡುತ್ತಾರೆ ಎಂಬ ಹೆದರಿಕೆ ನನ್ನನ್ನು ಹಿಡಿಯಿತು.

ಯಾವ ಡಾಕ್ಟರು ಬೇಕೆಂಬುದೇ ಗೊತ್ತಿಲ್ಲದವರು ಎಲ್ಲಿ ಹುಡುಕಬೇಕು? ಮೂಳೆ ಡಾಕ್ಟರು ಮೂಳೆ ಚೆನ್ನಾಗಿದೆ ಎಂದರು. ನರದ ಡಾಕ್ಟರು ಗುಳಿಗೆ ಬರೆದು, ಮುದುಕರ ಹಟ ಬಿಡಿಸಿ ಎಂದು ನನಗೇ ಬುದ್ಧಿ ಹೇಳಿದರು. ಪಕ್ಕದ ಕಾಮಠಿ ಊರಿನ ಮಾಲೀಶಿನವನು ಒಂದು ತಿಂಗಳು ತಿಕ್ಕಿದ. ಮನೆಯ ಹಾಸಿಗೆಗಳಿಗೆಲ್ಲ ಎಣ್ಣೆ ವಾಸನೆ ಹತ್ತಿದ್ದೇ ಬಂತು.

ಸಂಕ್ರಾಂತಿಯ ದಿನ ಪಕ್ಕದ ಮನೆಯಾಕೆ ತನ್ನ ತಮ್ಮನನ್ನು ಕರೆದುಕೊಂಡು ಎಳ್ಳುಂಡೆ ಕೊಡಲು ಬಂದಳು. ಹಿಂಗಣಾದ ಕಾರ್ಖಾನೆಯಲ್ಲಿ ಅವನ ಕೈ ಯಂತ್ರಕ್ಕೆ ಸಿಕ್ಕು ಜಜ್ಜಿಹೋಗಿದ್ದು ಇಡೀ ಸಾಲಿಗೇ ಗೊತ್ತಿತ್ತು. ಆ ದಿನ ಅದೇ ಕೈಯಲ್ಲಿ ಚಹಾ ಕಪ್ಪು ಹಿಡಿದು ಆರಾಮಾಗಿ ಕುಡಿಯುತ್ತಿದ್ದ. ನನಗೆ ತಾಳ್ಮೆ ಮೊದಲೇ ಕಡಿಮೆ. ಹಬ್ಬದ ಮಾತೆಲ್ಲ ಬಿಟ್ಟು, "ಈ ಕೈ ಯಾರು ಎಬ್ಬಿಸಿದರು, ಮೊದಲು ಅದನ್ನು ಹೇಳು" ಎಂದೆ. ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ ಪುನರ್ವಸನ ವಿಭಾಗ ಅಂತಿದೆ, ಅಲ್ಲಿನ ಡಾಕ್ಟರಮ್ಮ ಎಂದ. ಪುನರ್ವಸನ ಅಂದರೆ ನಮ್ಮ ಪುನರ್ವಸತಿ, ಅದು ಅಣೆಕಟ್ಟಿನಲ್ಲಿ ಊರು ಮುಳುಗಿದವರಿಗೆ ಕೊಡುವುದು ಎಂದಷ್ಟೇ ತಿಳಿದಿದ್ದವಳು ನಾನು. ಆದರೂ ಮರುದಿನವೇ ಮಾವನವರನ್ನು ಆಟೋದಲ್ಲಿ ಕೂಡಿಸಿದೆ.

ಡಾಕ್ಟರಮ್ಮ ಸುಮಾರು ನನ್ನದೇ ವಯಸ್ಸಿನವರು. ಕೈ ಎತ್ತಿ ಎನ್ನಲಿಲ್ಲ. ನನ್ನ ಕಡೆ ನೋಡದೆ ಮಾವನವರನ್ನೇ ಹಿಂದಿಯಲ್ಲಿ ಕೇಳಿದರು, "ಬಾಬೂಜಿ, ಊಟ ಹೇಗೆ ಮಾಡುತ್ತೀರಿ?" ಅವರು ನೆಲ ನೋಡಿದರು. ನಾನೇ ಉಣಿಸುತ್ತೇನೆ ಎಂದು ನಾನು ಹೆಮ್ಮೆಯಿಂದ ಹೇಳಿದೆ.

"ನಾಳೆಯಿಂದ ಉಣಿಸಬೇಡಿ."

ನನಗೆ ಪಿತ್ತ ನೆತ್ತಿಗೇರಿತು. "ಎಡಗೈಯಲ್ಲಿ ಉಣ್ಣೋದಿಲ್ಲ ಅಂತಾರೆ. ನಾನೂ ಉಣಿಸದಿದ್ದರೆ ಅವರು ಉಪವಾಸ ಸಾಯಬೇಕೇನು?"

ಆಕೆ ನಕ್ಕೇಬಿಟ್ಟರು. "ಎಡಗೈ ಬೇಡ ಅಂತಾರಾ? ಬಹುತ್ ಅಚ್ಛಾ! ಬೇರೆಯವರ ಒಳ್ಳೆಯ ಕೈಯನ್ನು ನಾನೇ ಕಟ್ಟಿಹಾಕಿ, ಬಿದ್ದ ಕೈಗೆ ಕೆಲಸ ಕೊಡಬೇಕು. ಇವರು ತಾವೇ ಕಟ್ಟಿಕೊಂಡು ಬಂದಿದ್ದಾರೆ."

ಎಲ್ಲರೂ ಬೈದ ಹಟವನ್ನು ಹೊಗಳಿದವರು ಅವರೊಬ್ಬರೇ. ಒಂದು ಚಮಚದ ಹಿಡಿಕೆಗೆ ಬ್ಯಾಂಡೇಜು ಸುತ್ತಿ ಸುತ್ತಿ ಲಟ್ಟಣಿಗೆಯಷ್ಟು ದಪ್ಪ ಮಾಡಿ, ಮಾವನವರ ಅರ್ಧ ಮಡಚಿದ ಬೆರಳುಗಳೊಳಗೆ ಕೂಡಿಸಿ ಪಟ್ಟಿ ಬಿಗಿದರು. ದಿನಾ ಮಾಡಬೇಕಾದ ವ್ಯಾಯಾಮ ಕಲಿಸಿದರು. ನನಗೆ ಕೊಟ್ಟ ಕೆಲಸ ಒಂದೇ: ಊಟದ ಹೊತ್ತಿಗೆ ಕೈ ಕಟ್ಟಿ ಕೂಡುವುದು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಅನ್ನ ಅಂಗಿಯ ಮೇಲೆ, ಗದ್ದದ ಮೇಲೆ, ನೆಲದ ಮೇಲೆ. ಬಾಯಿಗೆ ಮಾತ್ರ ಇಲ್ಲ. ನನ್ನ ಗಂಡ ನೋಡಲಾರದೆ ಎದ್ದು ಹೊರಗೆ ಹೋಗುತ್ತಿದ್ದರು. ನಾನು ಡಾಕ್ಟರಮ್ಮನನ್ನು ಮನಸ್ಸಿನಲ್ಲೇ ಬೈಯುತ್ತ, ಸೆರಗು ಹಿಂಡುತ್ತ ಕೂತಿರುತ್ತಿದ್ದೆ. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋದಾಗ ಅವರು ಬ್ಯಾಂಡೇಜಿನ ಒಂದು ಸುತ್ತು ಬಿಚ್ಚಿ ಹಿಡಿಕೆ ತೆಳುವಾಗಿಸುತ್ತಿದ್ದರು. ಮೂರನೆಯ ತಿಂಗಳಿಗೆ ತಟ್ಟೆಯ ಅನ್ನವೆಲ್ಲ ಬಾಯಿಗೇ ಹೋಗತೊಡಗಿತು. ಆ ಹೆಂಗಸಿನ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಒಂದು ಮಧ್ಯಾಹ್ನ ಮಾವನವರು ತಟ್ಟೆ ಖಾಲಿ ಮಾಡಿ ನನ್ನತ್ತ ಸರಿಸಿದರು. "ಇನ್ನೊಂದೀಟು ಅನ್ನ ಹಾಕವಾ."

ಹಾಕಿದೆ. ಅದನ್ನೂ ಮುಗಿಸಿ ಮತ್ತೆ ಸರಿಸಿದರು. ಹಸಿವು ಹುಟ್ಟಿತಲ್ಲ ಎಂದು ನಾನು ಸಂತೋಷಕ್ಕೆ ನಕ್ಕೆ.

"ಹಸಿವಿ ಯಾವಾಗ್ಲೂ ಇತ್ತವಾ" ಎಂದರು ಅವರು, ತಟ್ಟೆ ನೋಡುತ್ತಲೇ. "ಸೊಸಿ ಕೈಲೆ ತಿನ್ನಾವ, ಇನ್ನೂ ಹಾಕು ಅಂತ ಹ್ಯಾಂಗ ಕೇಳ್ಲಿ?"

ನಾನು ಅನ್ನದ ಬೋಗುಣಿಯನ್ನೇ ತಂದು ಅವರ ಮುಂದಿಟ್ಟೆ.